ಬಾಟಲಿಯಲ್ಲಿ ಸುಮ್ಮನಿರುವ ಅಂಟು ಜಾಯಿಂಟಿನಲ್ಲಿ ಗಟ್ಟಿಯಾಗುವುದು ಹೇಗೆ?

ಮರಕ್ಕೆ ಹಚ್ಚುವ ಬಿಳಿ ಅಂಟಿನ ಎರಡು ಬಾಟಲಿ ತೆಗೆದುಕೊಳ್ಳಿ. ಎರಡೂ ನೋಡೋಕೆ ಒಂದೇ ಥರ. ಬ್ರಷ್‌ನಲ್ಲಿ ಹಚ್ಚಿದರೆ ಒಂದೇ ಥರ ಹರಡುತ್ತವೆ, ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಒಣಗುತ್ತವೆ. ಒಣಗಿದ ಮೇಲೆ ಜಾಯಿಂಟನ್ನು ಕೈಯಲ್ಲಿ ಎಳೆದು ನೋಡಿದರೆ ಎರಡೂ ಜಗ್ಗುವುದಿಲ್ಲ. ಈಗ ಎರಡನ್ನೂ ನಾಲ್ಕು ದಿನ ನೀರಿನಲ್ಲಿ ಮುಳುಗಿಸಿಡಿ. ಒಂದರ ಅಂಟು ಮತ್ತೆ ಬೆಳ್ಳಗಾಗಿ, ಲೋಳೆಯಾಗಿ, ಮರ ಕೈಗೇ ಬಿಟ್ಟು ಬರುತ್ತದೆ. ಇನ್ನೊಂದು ಸ್ವಲ್ಪ ಮೆತ್ತಗಾಗಿರುತ್ತದೆ, ಆದರೆ ಹಿಡಿತ ಬಿಟ್ಟಿರುವುದಿಲ್ಲ.

ಈ ಎರಡನೆಯದು ಸೆಲ್ಫ್ ಕ್ರಾಸ್‌ಲಿಂಕಿಂಗ್ ಅಂಟು. ಅಂದರೆ ಒಣಗುವಾಗ ತನ್ನ ಅಣುಗಳ ನಡುವೆ ತಾನೇ ಅಡ್ಡಕೊಂಡಿ ಹಾಕಿಕೊಳ್ಳುವ ಅಂಟು. ಹಾರ್ಡ್‌ನರ್ ಬೆರೆಸಬೇಕಿಲ್ಲ, ಅಳತೆ ನೋಡಬೇಕಿಲ್ಲ. ಮುಚ್ಚಳ ತೆಗೆದು ಹಚ್ಚಿದರೆ ಆಯಿತು. ಮರದ ಕೆಲಸದಲ್ಲಿ, ಟೇಪಿನಲ್ಲಿ, ಲೇಬಲ್ಲಿನಲ್ಲಿ, ನೇಯದೆ ಮಾಡುವ ಒರೆಸುವ ಬಟ್ಟೆಗಳಲ್ಲಿ, ನೆಲದ ಪಾಲಿಶ್‌ನಲ್ಲಿ ಕೂಡ ಇದೇ ವಿದ್ಯೆ ಇದೆ. ನನಗೆ ಇದರ ಬಲಕ್ಕಿಂತ ತಾಳ್ಮೆಯೇ ಜಾಸ್ತಿ ಹಿಡಿಸುತ್ತದೆ. ಗಟ್ಟಿಯಾಗೋಕೆ ಬೇಕಾದ ಸಾಮಾನೆಲ್ಲ ಬಾಟಲಿಯೊಳಗೇ ಇದೆ. ಆದರೂ ತಿಂಗಳುಗಟ್ಟಲೆ ಅದು ದ್ರವವಾಗಿಯೇ ಉಳಿಯುತ್ತದೆ. ಮರದ ಮೇಲೆ ಬಂದಾಗ ಮಾತ್ರ ಕೆಲಸ ಶುರು ಮಾಡುತ್ತದೆ. ಬಾಟಲಿಯಲ್ಲಿ ಅದನ್ನು ತಡೆಯುವುದು ಏನು? ಈ ಪ್ರಶ್ನೆ ಹಿಡಿದು ಹೋದರೆ ಇಡೀ ವಿಷಯ ಬಿಚ್ಚಿಕೊಳ್ಳುತ್ತದೆ.

ಮೊದಲು ಅಡ್ಡಕೊಂಡಿಯಿಂದ ಏನು ಬದಲಾಗುತ್ತದೆ ಅಂತ ನೋಡೋಣ. ಅಂಟುಗಳಲ್ಲಿ ಬಹುಪಾಲು ಪಾಲಿಮರ್‌ಗಳು. ಸಾವಿರಾರು ಸಣ್ಣ ಘಟಕಗಳು ಸಾಲಾಗಿ ಸೇರಿದ ಉದ್ದುದ್ದ ಅಣುಗಳು. ಮಾಮೂಲಿ ಬಿಳಿ ಅಂಟಿನಲ್ಲಿ ಇವು ದಾರದ ರಾಶಿಯ ಹಾಗೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿರುತ್ತವೆ, ಆದರೆ ಎಲ್ಲೂ ಗಂಟು ಬಿದ್ದಿರುವುದಿಲ್ಲ. ದಿಢೀರಂತ ಎಳೆದರೆ ರಾಶಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಿಧಾನಕ್ಕೆ ಎಳೆಯುತ್ತಾ ಹೋದರೆ ದಾರಗಳು ಒಂದೊಂದಾಗಿ ಜಾರುತ್ತವೆ. ಭಾರ ಹೊತ್ತ ಮರದ ಜಾಯಿಂಟು ವರ್ಷಗಳ ಮೇಲೆ ಸ್ವಲ್ಪ ಸ್ವಲ್ಪವೇ ಜರುಗುವುದು ಇದಕ್ಕೇ. ಬಿಸಿ ತಾಗಿದರೆ ಜಾರುವುದು ಇನ್ನೂ ಸುಲಭ. ಮಾಮೂಲಿ ಬಿಳಿ ಅಂಟಿನ ಪಾಲಿವಿನೈಲ್ ಅಸಿಟೇಟ್ ಸುಮಾರು 30 ರಿಂದ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆದುವಾಗೋಕೆ ಶುರುವಾಗುತ್ತದೆ. ಬಿಸಿಲಿಗೆ ಬಿದ್ದ ಮೇಜಿಗೆ ಅದೇನು ದೊಡ್ಡ ಬಿಸಿಯಲ್ಲ, ಅಲ್ವಾ? ಇನ್ನು ನೀರೋ ಅಸಿಟೋನೋ ಒಳಗೆ ನುಗ್ಗಿದರೆ ದಾರಗಳ ನಡುವೆ ಸೇರಿಕೊಂಡು ಅವನ್ನು ದೂರ ದೂರ ಮಾಡುತ್ತದೆ.

ಅದೇ ರಾಶಿಯಲ್ಲಿ ಅಲ್ಲಲ್ಲಿ ಗಂಟು ಹಾಕಿದರೆ ಅದು ಬಲೆಯಾಗುತ್ತದೆ. ರಸಾಯನಶಾಸ್ತ್ರದಲ್ಲಿ ಈ ಗಂಟು ಅಂದರೆ ಎರಡು ಪಾಲಿಮರ್ ಸರಪಳಿಗಳ ನಡುವಿನ ನಿಜವಾದ ಬಂಧ. ಈಗ ಸರಪಳಿ ಜಾರೋಕೆ ಜಾಗವಿಲ್ಲ. ಬಿಸಿ ಮಾಡಿದರೆ ಬಲೆ ಮೆದುವಾಗಬಹುದು, ಹರಿಯುವುದಿಲ್ಲ. ದ್ರಾವಕದಲ್ಲಿ ಇಟ್ಟರೆ ಉಬ್ಬುತ್ತದೆ, ಕರಗುವುದಿಲ್ಲ. ರಬ್ಬರಿನಲ್ಲಿ ಇದನ್ನು 1839 ರಲ್ಲೇ ಚಾರ್ಲ್ಸ್ ಗುಡ್‌ಇಯರ್ ಮಾಡಿ ನೋಡಿದ್ದರು. ಬಿಸಿಯಲ್ಲಿ ಅಂಟಂಟಾಗುತ್ತಿದ್ದ ಹಸಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರು. ಗಂಧಕ ಸರಪಳಿಗಳ ನಡುವೆ ಸೇತುವೆ ಕಟ್ಟಿತು. ರಬ್ಬರ್ ಹಿಗ್ಗಿದರೂ ಹಳೆಯ ಆಕಾರಕ್ಕೆ ಮರಳುವ ವಸ್ತುವಾಯಿತು. ಒಳಗೆ ಆಗುತ್ತಿದ್ದುದು ಏನು ಅಂತ ಆಗ ಯಾರಿಗೂ ತಿಳಿದಿರಲಿಲ್ಲ. ಪಾಲಿಮರ್ ಅನ್ನುವ ಕಲ್ಪನೆ ನೆಲೆಯೂರಿದ್ದೇ 20ನೇ ಶತಮಾನದಲ್ಲಿ.

ಎಷ್ಟು ಅಡ್ಡಕೊಂಡಿ ಬಿದ್ದರೆ ಸಾಕು? ನಾವು ಅಂದುಕೊಳ್ಳುವುದಕ್ಕಿಂತ ತುಂಬಾ ಕಡಿಮೆ. 1941 ರಲ್ಲಿ ಪಾಲ್ ಫ್ಲೋರಿ ಇದರ ಲೆಕ್ಕ ಹಾಕಿದರು. ಪಾಲಿಮರ್ ವಿಜ್ಞಾನದ ಕೆಲಸಕ್ಕಾಗಿ 1974 ರಲ್ಲಿ ಅವರಿಗೆ ನೊಬೆಲ್ ಬಂತು. ಉದ್ದದ ಸರಪಳಿಗಳಿದ್ದರೆ, ಸರಾಸರಿ ಪ್ರತಿ ಸರಪಳಿಯಲ್ಲಿ ಒಂದು ಘಟಕ ಇನ್ನೊಂದು ಸರಪಳಿಗೆ ಕೊಂಡಿ ಹಾಕಿಕೊಂಡರೆ ಸಾಕು, ಆ ಹಂತದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಲೆ ಮೂಡುತ್ತದೆ. ಅದಕ್ಕೇ ಅಂಟು ತಯಾರಿಸುವವರು ಕೊಂಡಿ ಹಾಕುವ ಘಟಕವನ್ನು ಪಾಲಿಮರಿನ ತೂಕದಲ್ಲಿ ಕೆಲವೇ ಶೇಕಡಾ ಸೇರಿಸುತ್ತಾರೆ. ಉಳಿದದ್ದೆಲ್ಲ ಮಾಮೂಲಿ ಅಂಟೇ.

ಬಾಟಲಿಯೊಳಗೆ ಏನಿದೆ

ಬಿಳಿ ಅಂಟು ಬೆಳ್ಳಗಿರುವುದು ಅದು ಎಮಲ್ಷನ್ ಆಗಿರುವುದರಿಂದ. ನೀರಿನಲ್ಲಿ ಪಾಲಿಮರಿನ ತೀರಾ ಸಣ್ಣ ಕಣಗಳು ತೇಲುತ್ತಿರುತ್ತವೆ. ಅಕ್ರಿಲಿಕ್ ಅಂಟುಗಳಲ್ಲಿ ಒಂದು ಕಣದ ಅಡ್ಡಗಲ ಸಾಮಾನ್ಯವಾಗಿ 100 ರಿಂದ 300 ನ್ಯಾನೋಮೀಟರ್. ಅಂಥ ನೂರಾರು ಕಣಗಳನ್ನು ಸಾಲಾಗಿಟ್ಟರೆ ತಲೆಗೂದಲಿನ ದಪ್ಪ ಬರುತ್ತದೆ. ಬೆಳಕು ಈ ಕಣಗಳಿಗೆ ಬಡಿದು ಚದುರುವುದರಿಂದ ಅಂಟು ಬಿಳಿಯಾಗಿ ಕಾಣುತ್ತದೆ. ಕಣಗಳು ಒಂದಕ್ಕೊಂದು ಅಂಟದಂತೆ ಸೋಪಿನ ಜಾತಿಯ ವಸ್ತುವೊಂದು ಅವುಗಳ ಸುತ್ತ ನಿಂತಿರುತ್ತದೆ.

ಹಚ್ಚಿದ ಮೇಲೆ ನೀರು ಆರುತ್ತದೆ, ಮರದೊಳಗೂ ಇಳಿಯುತ್ತದೆ. ಕಣಗಳು ಹತ್ತಿರ ಬಂದು ಒತ್ತಿಕೊಳ್ಳುತ್ತವೆ. ನಡುವಿನ ಸಂದುಗಳು ಮುಚ್ಚುತ್ತವೆ, ಬೆಳಕು ಚದುರುವುದು ನಿಲ್ಲುತ್ತದೆ, ಬಿಳಿ ಹೋಗಿ ಪಾರದರ್ಶಕವಾಗುತ್ತದೆ. ನಾವು ಅಂಟು ಒಣಗಿತು ಅನ್ನುವುದು ಆಗ. ಆದರೆ ಕೆಲಸ ಇನ್ನೂ ಮುಗಿದಿಲ್ಲ. ಪಕ್ಕಪಕ್ಕದ ಕಣಗಳ ಸರಪಳಿಗಳು ಗಡಿ ದಾಟಿ ಒಂದರೊಳಗೊಂದು ನುಸುಳಬೇಕು. ಹಾಗೆ ನುಸುಳದಿದ್ದರೆ ಪದರ ಪಾರದರ್ಶಕವಾಗಿ ಕಂಡರೂ ಒಳಗೆ ಕಣಗಳು ಬಿಡಿಬಿಡಿಯಾಗಿಯೇ ಇರುತ್ತವೆ.

ಈ ಹಂತವನ್ನು ನೆನಪಿನಲ್ಲಿಡಿ. ಅಡ್ಡಕೊಂಡಿ ಬೀಳಬೇಕಾದ್ದು ಸರಿಯಾಗಿ ಇದರ ಜೊತೆಗೋ ಇದರ ನಂತರವೋ. ಮೊದಲೇ ಬಿದ್ದರೆ ಪ್ರತಿ ಕಣವೂ ತನ್ನೊಳಗೆ ತಾನೇ ಬಲೆಯಾಗಿಬಿಡುತ್ತದೆ, ಸರಪಳಿಗಳು ಪಕ್ಕದ ಕಣಕ್ಕೆ ದಾಟಲಾರವು. ಕೊಂಡಿಗಳು ಬೇಕಾದಷ್ಟಿವೆ, ಆದರೂ ಅಂಟು ಪುಡಿಪುಡಿ. ತೀರಾ ತಡವಾದರೆ ಜಾಯಿಂಟಿಗೆ ಭಾರ ಬಿದ್ದಾಗ ಹಿಡಿಯೋಕೆ ಬಲೆಯೇ ಇರುವುದಿಲ್ಲ. ಒಳ್ಳೆಯ ಅಂಟು ಮಾಡುವುದೆಂದರೆ ಬಹುಮಟ್ಟಿಗೆ ಈ ಹೊತ್ತು ಹೊಂದಿಸುವುದೇ ಅನ್ನಬಹುದು.

ಒಂದು ಉದಾಹರಣೆ ಹತ್ತಿರದಿಂದ

ನೀರಿನ ಅಕ್ರಿಲಿಕ್ ಅಂಟು ಮತ್ತು ಲೇಪನಗಳಲ್ಲಿ ತುಂಬಾ ಬಳಸುವ ಒಂದು ಜೋಡಿ ಇದೆ. ಒಂದರ ಹೆಸರು ಡೈಅಸಿಟೋನ್ ಅಕ್ರಿಲಮೈಡ್. ಇನ್ನೊಂದು ಅಡಿಪಿಕ್ ಡೈಹೈಡ್ರಜೈಡ್. ಹೆಸರು ಉದ್ದ, ಕೆಲಸ ಸರಳ. ಮೊದಲನೆಯದನ್ನು ಪಾಲಿಮರ್ ಮಾಡುವಾಗಲೇ ಸರಪಳಿಗೆ ಸೇರಿಸುತ್ತಾರೆ. ಆಗ ಸರಪಳಿಯ ಉದ್ದಕ್ಕೂ ಅಲ್ಲಲ್ಲಿ ಕೀಟೋನ್ ಅನ್ನುವ ಪರಮಾಣು ಗುಂಪುಗಳು ಹೊರಗೆ ಚಾಚಿಕೊಂಡಿರುತ್ತವೆ. ಎರಡನೆಯದು ಚಿಕ್ಕ ಅಣು, ನೀರಿನಲ್ಲಿ ಕರಗುತ್ತದೆ. ಅದರ ಎರಡು ತುದಿಯಲ್ಲೂ ಹೈಡ್ರಜೈಡ್ ಗುಂಪು ಇದೆ. ಒಂದು ತುದಿ ಒಂದು ಸರಪಳಿಯ ಕೀಟೋನನ್ನು ಹಿಡಿದು, ಇನ್ನೊಂದು ತುದಿ ಪಕ್ಕದ ಸರಪಳಿಯ ಕೀಟೋನನ್ನು ಹಿಡಿದರೆ ಅಡ್ಡಕೊಂಡಿ ಬಿತ್ತು. ಹೀಗಾಗುವ ಬಂಧದ ಹೆಸರು ಹೈಡ್ರಜೋನ್. ಪ್ರತಿ ಬಂಧಕ್ಕೂ ಒಂದು ನೀರಿನ ಅಣು ಹೊರಗೆ ಬೀಳುತ್ತದೆ.

ಬಾಟಲಿಯಲ್ಲಿನ ತಡೆ ಈ ನೀರಿನಲ್ಲೇ ಇದೆ. ಈ ಕ್ರಿಯೆ ಎರಡೂ ದಿಕ್ಕಿಗೆ ನಡೆಯುತ್ತದೆ. ಕೊಂಡಿ ಬಿದ್ದರೆ ನೀರು ಹುಟ್ಟುತ್ತದೆ, ನೀರು ಸಿಕ್ಕಿದರೆ ಕೊಂಡಿ ಬಿಚ್ಚಿಕೊಳ್ಳಬಹುದು. ಬಾಟಲಿಯಲ್ಲಿ ಅರ್ಧದಷ್ಟು ನೀರೇ ಇರುವುದರಿಂದ ಕ್ರಿಯೆ ಮುಂದಕ್ಕೆ ಹೋಗೋಕೆ ಆಸ್ಪದ ಕಡಿಮೆ. ಇದರ ಜೊತೆಗೆ ಇನ್ನೊಂದು ತಡೆಯೂ ಇದೆ. ಹೈಡ್ರಜೋನ್ ಆಗುವುದಕ್ಕೆ ಆಮ್ಲದ ಒತ್ತಾಸೆ ಬೇಕು. ಅದಕ್ಕೆ ತಯಾರಿಸುವವರು ಅಮೋನಿಯಾ ಸೇರಿಸಿ ದ್ರವವನ್ನು ಕ್ಷಾರೀಯವಾಗಿ ಇಟ್ಟಿರುತ್ತಾರೆ. ಜೊತೆಗೆ ಕೀಟೋನಿನ ಬಹುಪಾಲು ಕಣದೊಳಗಿದೆ, ಹೈಡ್ರಜೈಡ್ ಹೊರಗೆ ನೀರಿನಲ್ಲಿದೆ.

ಈಗ ಇದನ್ನು ಮರದ ಮೇಲೆ ಹಚ್ಚಿ. ನೀರು ಆರುತ್ತದೆ. ಅಮೋನಿಯಾ ಆವಿಯಾಗಿ ಹೋಗುತ್ತದೆ, ಪಿಎಚ್ ಇಳಿಯುತ್ತದೆ. ಕಣಗಳ ನಡುವಿನ ಸಂದುಗಳಲ್ಲಿ ಉಳಿದ ನೀರು ಕಡಿಮೆಯಾದಂತೆ ಅದರಲ್ಲಿ ಕರಗಿದ ಹೈಡ್ರಜೈಡ್ ದಟ್ಟವಾಗುತ್ತದೆ. ಕೊನೆಗೆ ಅದು ಕಣಗಳ ಗಡಿಯಲ್ಲೇ ಕೂರುತ್ತದೆ, ಅಲ್ಲಿಂದ ಒಳಕ್ಕೂ ಇಳಿಯುತ್ತದೆ. ಎಲ್ಲಿ ಸರಪಳಿಗಳು ಗಡಿ ದಾಟಬೇಕೋ ಅಲ್ಲೇ ಕೊಂಡಿಗಳೂ ಬೀಳುತ್ತವೆ. ಕಾಯಿಸಬೇಕಿಲ್ಲ, ಕೋಣೆಯ ಬಿಸಿಯೇ ಸಾಕು. ನೀರು ಹೋಗುವುದೊಂದೇ ಘಟನೆ, ಅದರಿಂದಲೇ ತಡೆಗಳೆಲ್ಲ ಒಟ್ಟಿಗೆ ಸಡಿಲವಾಗುತ್ತವೆ. ರಸಾಯನಶಾಸ್ತ್ರದಲ್ಲಿ ಇಷ್ಟು ಅಚ್ಚುಕಟ್ಟಾದ ಏರ್ಪಾಡು ಕಂಡಾಗ ನನಗೆ ನಿಜವಾಗಿಯೂ ಖುಷಿಯಾಗುತ್ತದೆ.

ಬೇರೆ ಬೇರೆ ತಡೆಗಳು

ಎಲ್ಲ ಅಂಟುಗಳಲ್ಲೂ ನೀರೇ ತಡೆ ಅಲ್ಲ. ಹಳೆಯದೂ ಅಗ್ಗದ್ದೂ ಆದ ದಾರಿ ಎನ್-ಮೆಥಿಲಾಲ್ ಅಕ್ರಿಲಮೈಡ್. ವಿನೈಲ್ ಅಸಿಟೇಟ್ ಅಂಟುಗಳಲ್ಲಿ ಇದು ತುಂಬಾ ಕಾಲದಿಂದ ಇದೆ. ಇಲ್ಲಿ ಸರಪಳಿಗೆ ಸೇರಿಸಿದ ಗುಂಪುಗಳು ತಮ್ಮತಮ್ಮಲ್ಲೇ ಕೊಂಡಿ ಹಾಕಿಕೊಳ್ಳುತ್ತವೆ, ಬೇರೆ ಅಣು ಬೇಕಾಗಿಲ್ಲ. ಆದರೆ ಬಿಸಿ ಬೇಕು, ಆಮ್ಲ ಬೇಕು. ಬಟ್ಟೆಯ ಕಾರ್ಖಾನೆಯಲ್ಲಿ ಒಲೆಯಂಥ ಕೋಣೆಯೊಳಗೆ ಸುಮಾರು 120 ರಿಂದ 150 ಡಿಗ್ರಿಯಲ್ಲಿ ಕಾಯಿಸುತ್ತಾರೆ. ಮರದ ಅಂಟಿನಲ್ಲಿ ಅಲ್ಯೂಮಿನಿಯಂ ಕ್ಲೋರೈಡಿನಂಥ ಆಮ್ಲೀಯ ಲವಣ ಬೆರೆಸಿದರೆ ಕೋಣೆಯ ಬಿಸಿಯಲ್ಲೂ ನಿಧಾನವಾಗಿ ಆಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಮೂರು. ಆಮ್ಲ ಬೆರೆತ ಅಂಟು ಬಾಟಲಿಯಲ್ಲಿ ದಿನ ಕಳೆದಂತೆ ದಪ್ಪಗಾಗುತ್ತದೆ. ಟ್ಯಾನಿನ್ ಅನ್ನುವ ಒಗರು ವಸ್ತು ಜಾಸ್ತಿ ಇರುವ ಓಕ್‌ನಂಥ ಮರದಲ್ಲಿ, ಕಬ್ಬಿಣದ ಕ್ಲ್ಯಾಂಪು ತಾಗಿದ ಕಡೆ ಕಪ್ಪು ಕಲೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೊಂಡಿ ಬೀಳುವಾಗ ಸ್ವಲ್ಪ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004 ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಮೈಗೆ ತಾಗುವ, ಮಕ್ಕಳು ಮುಟ್ಟುವ ವಸ್ತುಗಳಲ್ಲಿ ಈ ದಾರಿ ಬಿಟ್ಟು ಬೇರೆ ಹುಡುಕುವುದೇ ಸರಿ ಅಂತ ನನ್ನ ಅಭಿಪ್ರಾಯ. ಮೇಲೆ ಹೇಳಿದ ಹೈಡ್ರಜೈಡ್ ದಾರಿಗೆ ಬೇಡಿಕೆ ಇರುವ ಒಂದು ಕಾರಣವೂ ಅದೇ.

ಟೇಪಿನ ಅಂಟಿನಲ್ಲಿ ಲೋಹ ಕೊಂಡಿ ಹಾಕುತ್ತದೆ. ದ್ರಾವಕದಲ್ಲಿ ಕರಗಿಸಿದ ಅಕ್ರಿಲಿಕ್ ಅಂಟಿಗೆ ಅಲ್ಯೂಮಿನಿಯಂ ಅಸಿಟೈಲ್‌ಅಸಿಟೋನೇಟ್ ಸೇರಿಸುತ್ತಾರೆ. ದ್ರಾವಕ ಇರುವವರೆಗೆ ಅಲ್ಯೂಮಿನಿಯಂ ಸುತ್ತ ಅಸಿಟೈಲ್‌ಅಸಿಟೋನ್ ಅಣುಗಳು ಆವರಿಸಿಕೊಂಡಿರುತ್ತವೆ. ಟೇಪನ್ನು ಒಣಗಿಸುವಾಗ ಅವು ಆವಿಯಾಗುತ್ತವೆ. ಆಗ ಅಲ್ಯೂಮಿನಿಯಂ ಸರಪಳಿಗಳ ಮೇಲಿರುವ ಆಮ್ಲದ ಗುಂಪುಗಳನ್ನು ಹಿಡಿದುಕೊಳ್ಳುತ್ತದೆ. ನೆಲದ ಪಾಲಿಶ್‌ನಲ್ಲಿ ಸತುವು ಇದೇ ಕೆಲಸ ಮಾಡುತ್ತದೆ, ಅಲ್ಲಿ ಅದನ್ನು ತಡೆದಿಟ್ಟಿರುವುದು ಅಮೋನಿಯಾ. ಸತುವಿನ ಕೊಂಡಿಗೊಂದು ವಿಶೇಷ ಇದೆ. ಸೋಪು ನೀರಿಗೆ ಬಗ್ಗದ ಪಾಲಿಶ್, ಅಮೋನಿಯಾ ಹಾಕಿದ ನೀರಿಗೆ ಬಿಟ್ಟುಕೊಡುತ್ತದೆ. ಹಳೆಯ ಪದರ ತೆಗೆದು ಹೊಸದು ಹಾಕೋಕೆ ಬೇಕಾದ್ದೂ ಅದೇ.

ಇನ್ನೊಂದು ದೊಡ್ಡ ಗುಂಪಿನಲ್ಲಿ ತಡೆ ಅಂದರೆ ನೀರು ಇಲ್ಲದಿರುವುದು. ಸಂದು ಮುಚ್ಚೋಕೆ ಬಳಸುವ ಸಿಲಿಕೋನ್ ಸೀಲಂಟ್ ಟ್ಯೂಬಿನೊಳಗೆ ತೇವ ಸೇರದಂತೆ ಮುಚ್ಚಿರುತ್ತಾರೆ. ಹಿಂಡಿದ ಕೂಡಲೇ ಗಾಳಿಯ ತೇವ ತಾಗಿ ಕೊಂಡಿ ಬೀಳೋಕೆ ಶುರು. ಕೆಲವು ಸಿಲಿಕೋನ್‌ಗಳಿಂದ ವಿನೆಗರ್ ವಾಸನೆ ಬರುವುದು ಆಗ ಅಸಿಟಿಕ್ ಆಮ್ಲ ಹೊರಬೀಳುವುದರಿಂದ. ತೇವ ಹೊರಗಿನಿಂದ ಒಳಗೆ ಇಳಿಯಬೇಕಾದ್ದರಿಂದ ಮೇಲೆ ಮೊದಲು ಚರ್ಮ ಕಟ್ಟುತ್ತದೆ. ಗಟ್ಟಿಯಾದ ಪದರ ದಪ್ಪವಾದಷ್ಟೂ ತೇವ ಇಳಿಯುವುದು ನಿಧಾನ. ಎರಡು ಪಟ್ಟು ಆಳಕ್ಕೆ ಗಟ್ಟಿಯಾಗೋಕೆ ಸುಮಾರು ನಾಲ್ಕು ಪಟ್ಟು ಸಮಯ ಬೇಕು. ದಪ್ಪಗೆ ಹಾಕಿದ ಸೀಲಂಟ್ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುವುದು ಇದಕ್ಕೇ. ಪಾಲಿಯುರೇಥೇನ್ ಅಂಟೂ ತೇವದಿಂದಲೇ ಗಟ್ಟಿಯಾಗುತ್ತದೆ. ಅದರ ಐಸೋಸೈನೇಟ್ ಗುಂಪು ನೀರಿನ ಜೊತೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಜಾಯಿಂಟಿನಿಂದ ನೊರೆ ಉಕ್ಕುತ್ತದೆ. ಆ ನೊರೆಗೆ ಬಲ ಕಡಿಮೆ. ಸಂದು ತುಂಬಿತು ಅಂತ ಅದನ್ನು ನಂಬಿ ಕೂರಬಾರದು.

ತಂತಾನೇ ಕೊಂಡಿ ಹಾಕಿಕೊಳ್ಳುವ ವಸ್ತು ಹೊಸದೇನಲ್ಲ. ಚಿತ್ರಕಾರರು ಶತಮಾನಗಳಿಂದ ಬಳಸಿದ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಬಲೆಯಾಗುತ್ತದೆ. ಆ ಕ್ರಿಯೆಯಲ್ಲಿ ಬಿಸಿ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅಂಥ ಬಟ್ಟೆಯನ್ನು ಬಿಡಿಸಿ, ಹರಡಿ, ಹೊರಗೆ ಒಣಗಿಸಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಮಾಡಬೇಕು. ಸೆಕೆಂಡುಗಳಲ್ಲಿ ಬೆರಳು ಅಂಟಿಸಿಬಿಡುವ ಸೂಪರ್ ಗ್ಲೂ ಕೂಡ ಇದೇ ಜಾತಿ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ. ಸಯನೋಅಕ್ರಿಲೇಟ್ ತೇವ ತಾಗಿದ ಕೂಡಲೇ ಸಣ್ಣ ಅಣುಗಳಿಂದ ಉದ್ದದ ಸರಪಳಿಗಳನ್ನು ಕಟ್ಟುತ್ತದೆ, ನಿಜ. ಆದರೆ ಮಾಮೂಲಿ ಸೂಪರ್ ಗ್ಲೂನಲ್ಲಿ ಸರಪಳಿಗಳ ನಡುವೆ ಅಡ್ಡಕೊಂಡಿ ಬೀಳುವುದಿಲ್ಲ. ಅದಕ್ಕೇ ಅದು ಅಸಿಟೋನಿಗೆ ಬಿಟ್ಟುಕೊಡುತ್ತದೆ. ಇನ್ನು ಎಪಾಕ್ಸಿಯಲ್ಲಿ ಬಲೆ ಇದೆ, ಆದರೆ ಸಾಮಾನ್ಯವಾಗಿ ಎರಡು ಟ್ಯೂಬಿನಿಂದ ತೆಗೆದು ಬೆರೆಸಬೇಕು. ಬೆರೆಸಿದ ಕ್ಷಣದಿಂದ ಗಡಿಯಾರ ಓಡುತ್ತದೆ, ಅಳತೆ ತಪ್ಪಿದರೆ ಅರೆಬರೆ ಗಟ್ಟಿಯಾಗುತ್ತದೆ. ಬಲದಲ್ಲಿ ಒಳ್ಳೆಯ ಎಪಾಕ್ಸಿಯನ್ನು ಬಿಳಿ ಅಂಟು ಮುಟ್ಟಲಾರದು. ಬೆರೆಸುವ ತಪ್ಪೇ ಆಗದಿರುವುದು ಬಿಳಿ ಅಂಟಿನ ಲಾಭ.

ಕೊಂಡಿ ಜಾಸ್ತಿ ಆದರೂ ಕಷ್ಟ

ಅಡ್ಡಕೊಂಡಿ ಒಳ್ಳೆಯದು ಅಂದಮೇಲೆ ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದಲ್ವಾ? ಟೇಪನ್ನು ನೋಡಿದರೆ ಉತ್ತರ ಸಿಗುತ್ತದೆ. ಒತ್ತಿದ ಕೂಡಲೇ ಹಿಡಿಯಬೇಕಾದರೆ ಟೇಪಿನ ಅಂಟು ಮೇಲ್ಮೈಯ ಏರುತಗ್ಗುಗಳಿಗೆ ಹರಿದು ಕೂರಬೇಕು. ಅದಕ್ಕೆ ಸರಪಳಿಗಳು ಜಾರಬೇಕು. ಗೋಡೆಯ ಮೇಲೆ ಭಾರ ಹೊತ್ತು ನಿಲ್ಲಬೇಕಾದರೆ ಜಾರಬಾರದು. ಕೊಂಡಿ ಇಲ್ಲದ ಟೇಪು ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಮೆಲ್ಲಗೆ ಕೆಳಗಿಳಿಯುತ್ತದೆ, ಕಿತ್ತರೆ ಅಂಟು ಗೋಡೆಯಲ್ಲೇ ಉಳಿಯುತ್ತದೆ. ಸ್ವಲ್ಪ ಕೊಂಡಿ ಹಾಕಿದರೆ ಹಿಡಿತ ಉಳಿದು ಜಾರುವುದು ನಿಲ್ಲುತ್ತದೆ, ಕಿತ್ತಾಗ ಗುರುತಿಲ್ಲದೆ ಬರುತ್ತದೆ. ಇನ್ನೂ ಹಾಕಿದರೆ ಮುಟ್ಟಿದರೆ ಅಂಟದ ಒಣ ಪಟ್ಟಿಯಾಗುತ್ತದೆ. ಈ ನಡುವಿನ ಜಾಗ ಚಿಕ್ಕದು, ಟೇಪು ತಯಾರಿಸುವವರ ಕಸುಬುಗಾರಿಕೆ ಇರುವುದು ಅಲ್ಲೇ.

ಎಷ್ಟು ಕೊಂಡಿ ಬಿದ್ದಿದೆ ಅಂತ ತಿಳಿಯೋಕೆ ಪ್ರಯೋಗಾಲಯದಲ್ಲಿ ಸರಳವಾದ ಪರೀಕ್ಷೆ ಇದೆ. ಒಣಗಿದ ಪದರವನ್ನು ತೂಗಿ, ಒಂದು ದಿನ ದ್ರಾವಕದಲ್ಲಿ ನೆನೆಸುತ್ತಾರೆ. ಮಾಮೂಲಿ ಅಂಟಿನ ಚೂರು ಮೊದಲು ಅಂಚಿನಲ್ಲಿ ಮಸುಕಾಗುತ್ತದೆ, ಆಮೇಲೆ ಕರಗಿ ಕಾಣೆಯಾಗುತ್ತದೆ. ಬಲೆಯಾದ ಚೂರು ಹಿಗ್ಗಿ ಮೂಲ ಗಾತ್ರದ ಎಷ್ಟೋ ಪಟ್ಟಾಗುತ್ತದೆ. ಚೌಕವಾಗಿ ಕತ್ತರಿಸಿದ್ದರೆ ಚೌಕವಾಗಿಯೇ ಇರುತ್ತದೆ. ಅದನ್ನು ತೆಗೆದು ಒಣಗಿಸಿ ಮತ್ತೆ ತೂಗಿದರೆ, ಕರಗದೆ ಉಳಿದ ಪಾಲು ಎಷ್ಟು ಅಂತ ಸಿಗುತ್ತದೆ. ಹಿಗ್ಗುವುದು ಕಡಿಮೆ ಇದ್ದಷ್ಟೂ ಬಲೆ ದಟ್ಟ.

ಮರದ ಅಂಟಿಗೆ ಯುರೋಪಿನ ಇಎನ್ 204 ಮಾನದಂಡದಲ್ಲಿ ಡಿ1 ರಿಂದ ಡಿ4 ರವರೆಗೆ ನಾಲ್ಕು ದರ್ಜೆಗಳಿವೆ. ಡಿ1 ಒಣ ಜಾಗಕ್ಕೆ ಮಾತ್ರ. ಡಿ3 ಅನ್ನಿಸಿಕೊಳ್ಳಬೇಕಾದರೆ ಜಾಯಿಂಟನ್ನು ಏಳು ದಿನ ಗಟ್ಟಿಯಾಗಲು ಬಿಟ್ಟು, ನಾಲ್ಕು ದಿನ ತಣ್ಣೀರಿನಲ್ಲಿಟ್ಟು, ಒದ್ದೆಯಾಗಿರುವಾಗಲೇ ಎಳೆಯುತ್ತಾರೆ. ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 2 ನ್ಯೂಟನ್ ತಡೆಯಬೇಕು. ಡಿ4 ಅಂಟು ಆರು ಗಂಟೆ ಕುದಿಯುವ ನೀರಿನಲ್ಲಿದ್ದೂ ನಿಲ್ಲಬೇಕು. ಬಾಟಲಿಯ ಮೇಲೆ ಡಿ3 ಅಂತ ಇದ್ದರೆ ಅದಕ್ಕೆ ಇಷ್ಟು ಅರ್ಥವಿದೆ. ಯಾವಾಗಲೂ ನೀರಿನಲ್ಲೇ ಮುಳುಗಿರುವ ಕೆಲಸಕ್ಕೆ ಇವು ಯಾವುವೂ ಅಲ್ಲ.

ಆ ಏಳು ದಿನವನ್ನು ಸುಮ್ನೆ ಇಟ್ಟದ್ದಲ್ಲ. ನೀರು ಒಂದೆರಡು ಗಂಟೆಯಲ್ಲಿ ಆರಬಹುದು, ಕೊಂಡಿಗಳು ಪೂರ್ತಿ ಬೀಳೋಕೆ ದಿನಗಳು ಬೇಕು. ಪದರ ಗಟ್ಟಿಯಾದಷ್ಟೂ ಒಳಗಿನ ಗುಂಪುಗಳು ಅಲುಗಾಡುವುದು ಕಡಿಮೆಯಾಗುತ್ತದೆ, ಉಳಿದವು ಒಂದನ್ನೊಂದು ಹುಡುಕಿಕೊಳ್ಳೋಕೆ ತಡವಾಗುತ್ತದೆ. ಹಾಗಾಗಿ ಮರುದಿನವೇ ಜಾಯಿಂಟನ್ನು ನೀರಿಗೆ ಒಡ್ಡಿ, ಅಂಟು ಸರಿಯಿಲ್ಲ ಅಂದರೆ ಅದು ಅಂಟಿಗೆ ಮಾಡುವ ಅನ್ಯಾಯ. ತೀರಾ ಚಳಿಯಲ್ಲಿ ಹಚ್ಚುವುದೂ ಬೇಡ. ಕಣಗಳು ಗಡಸಾಗಿಯೇ ಉಳಿದು ಒಂದಾಗುವುದಿಲ್ಲ, ಒಣಗಿದ ಅಂಟು ಸೀಮೆಸುಣ್ಣದ ಪುಡಿಯಂತೆ ಬೆಳ್ಳಗೆ ಉದುರುತ್ತದೆ. ಆಮೇಲೆ ಬಿಸಿ ಮಾಡಿದರೂ ಅದನ್ನು ನಂಬೋಕಾಗಲ್ಲ. ಬ್ರಷ್ಷನ್ನು ಮಾತ್ರ ತಕ್ಷಣ ತೊಳೆಯಿರಿ. ಕೊಂಡಿ ಬಿದ್ದ ಮೇಲೆ ಅದನ್ನು ಕರಗಿಸುವ ದ್ರಾವಕ ಇಲ್ಲ.

ಕರಗದ ಈ ಗುಣವೇ ಮುಂದಿನ ತೊಂದರೆ. ಬಲೆಯಾದ ವಸ್ತುವನ್ನು ಕರಗಿಸಿ ಮರುಬಳಕೆ ಮಾಡಲಾಗದು, ಅಂಟಿಸಿದ ಎರಡು ಭಾಗಗಳನ್ನು ಬೇರೆ ಮಾಡುವುದೂ ಕಷ್ಟ. ಇದಕ್ಕೆ ಉತ್ತರ ಹುಡುಕುವ ಕೆಲಸದಲ್ಲಿ 2011 ಒಂದು ಮುಖ್ಯ ವರ್ಷ. ಫ್ರಾನ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ವಿಟ್ರಿಮರ್ ಅನ್ನುವ ಹೊಸ ಬಗೆಯ ಬಲೆಯನ್ನು ತೋರಿಸಿದರು. ಅದರಲ್ಲಿ ಬಿಸಿಯಾದಾಗ ಕೊಂಡಿಗಳು ಜಾಗ ಬದಲಿಸುತ್ತವೆ, ಆದರೆ ಒಟ್ಟು ಎಣಿಕೆ ಕಡಿಮೆಯಾಗುವುದಿಲ್ಲ. ಹೀಗಾಗಿ ಬಲೆ ಬಲೆಯಾಗಿಯೇ ಉಳಿದು, ಬಿಸಿಯಲ್ಲಿ ಹೊಸ ಆಕಾರಕ್ಕೆ ಬಗ್ಗುತ್ತದೆ. ನಾವು ಹತ್ತಿರದಿಂದ ನೋಡಿದ ಹೈಡ್ರಜೋನ್ ಕೊಂಡಿಗೂ ಹಿಂದಕ್ಕೆ ಹೋಗುವ ಗುಣ ಇದೆ. ಆಮ್ಲ ಮತ್ತು ನೀರು ಎರಡೂ ಒಟ್ಟಿಗೆ ಸಿಕ್ಕಿದರೆ ಅದು ಬಿಚ್ಚಿಕೊಳ್ಳಬಲ್ಲದು. ಬೇಕೆಂದಾಗ ಬಿಡಿಸಬಹುದಾದ ಅಂಟು ಮಾಡೋಕೆ ಸಂಶೋಧಕರು ಈಗ ಇಂಥ ಕೊಂಡಿಗಳನ್ನೇ ಹಿಡಿದು ಕೆಲಸ ಮಾಡುತ್ತಿದ್ದಾರೆ.